ಬೇರು ತೆರೆದಿಟ್ಟ ಹದಿನೆಂಟು ಗಿಡ

ಆ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಮನೆಗಳಿದ್ದವು. ಲಿಫ್ಟಿನ ರಿಪೇರಿಯಿಂದ ಹಿಡಿದು ಕಾರು ನಿಲ್ಲಿಸುವ ಜಾಗದವರೆಗೆ ಯಾವ ವಿಷಯಕ್ಕೂ ಒಮ್ಮತಕ್ಕೆ ಬಾರದ ಆ ಮನೆಗಳವರು ಪ್ರತಿ ಚಳಿಗಾಲದಲ್ಲಿ ಒಂದು ಮಾತಿಗೆ ಮಾತ್ರ ತಪ್ಪದೆ ಒಂದಾಗುತ್ತಿದ್ದರು: ಮಣ್ಣಕ್ಕನಿಗೆ ತಲೆ ಕೆಟ್ಟಿದೆ.

ಮಣ್ಣಕ್ಕ ಆ ಅಂಗಳದ ಮಾಲಿ. ಅವಳ ಉಗುರಿನ ಸಂದಿಯಲ್ಲಿ ಸದಾ ಮಣ್ಣಿರುತ್ತಿದ್ದುದರಿಂದ ಕಟ್ಟಡದ ಮಕ್ಕಳು ಹಿಂದೆಂದೋ ಇಟ್ಟ ಹೆಸರು ಅದು. ಮಕ್ಕಳು ದೊಡ್ಡವರಾಗಿ, ಮದುವೆಯಾಗಿ ಎಲ್ಲೆಲ್ಲಿಗೋ ಹೋದರು. ಹೆಸರು ಅಂಗಳದಲ್ಲೇ ಉಳಿಯಿತು. ಗೇಟಿನ ಹಾಜರಿ ಪುಸ್ತಕದಲ್ಲಿ ವಾಚ್‌ಮನ್ ಕೂಡ ಅದನ್ನೇ ಬರೆಯುತ್ತಿದ್ದ.

ತಲೆ ಕೆಟ್ಟಿದೆ ಅನ್ನುವುದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಚಳಿ ನೆಲೆಯಾದ ಮೇಲೆ ಅವಳು ಗುಲಾಬಿಗಳಿಗೆ ನೀರು ನಿಲ್ಲಿಸುತ್ತಿದ್ದಳು. ಹತ್ತು ದಿನದಲ್ಲಿ ಎಲೆ ಹಳದಿಯಾಗಿ ಉದುರುತ್ತಿತ್ತು. ಆಮೇಲೆ ಕೈಗುದ್ದಲಿ ಹಿಡಿದು ಕೂತು ಒಂದೊಂದೇ ಗಿಡದ ಬುಡದ ಮಣ್ಣನ್ನು ಗೇಣುದ್ದ ಬಿಡಿಸಿ, ಬೇರನ್ನು ಬರಿಮೈ ಮಾಡಿ, ಕೂದಲಿನಂಥ ಸಣ್ಣ ಬೇರುಗಳನ್ನು ಕತ್ತರಿಸಿ, ನಾಲ್ಕು ದಿನ ಗಾಳಿ ಬಿಸಿಲಿಗೆ ಬಿಡುತ್ತಿದ್ದಳು. ಐದನೆಯ ದಿನ ಕೊಂಬೆ ಸವರುವುದು: ಮೊಣಕಾಲ ಮಟ್ಟಕ್ಕೆ, ಹೊರಮುಖಕ್ಕೆ ಚಿಗುರೊಡೆಯುವ ಕಣ್ಣಿನ ಮೇಲೆ ಒಂದು ಬೆರಳು ಬಿಟ್ಟು, ಓರೆಯಾಗಿ ಕತ್ತರಿಸುವುದು. ಗುಂಡಿಗೆ ವರ್ಷವಿಡೀ ಕೊಳೆಸಿದ ಎಲೆಗೊಬ್ಬರ ತುಂಬಿ, ಮಣ್ಣು ಮುಚ್ಚಿ, ಆಮೇಲಷ್ಟೇ ಮೊದಲ ನೀರು. ಅಲ್ಲಿಯವರೆಗೆ ಒಂದು ಹನಿಯೂ ಬೀಳಬಾರದು. ನೋಡುವವರ ಕಣ್ಣಿಗೆ ಅದು ಮಸಣದ ಹಾಗೆಯೇ ಕಾಣುತ್ತಿತ್ತು. ಆದರೆ ಚಳಿ ಇಳಿದು ನಾಲ್ಕು ವಾರಕ್ಕೆ ಕೆಂಪು ಚಿಗುರು ಒಡೆದು, ಆರು ವಾರಕ್ಕೆ ಮೊಗ್ಗು ಬಂದು, ತಲೆ ಕೆಟ್ಟಿದೆ ಅಂದವರೇ ಹೂವಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಈ ವಿದ್ಯೆ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಮೊದಲು ಅವಳು ಅದೇ ಕಟ್ಟಡದ ಮೆಟ್ಟಿಲು ಗುಡಿಸುತ್ತಿದ್ದಳು. ಆಗಿನ ಮುದುಕ ಮಾಲಿಗೆ ಸೊಂಟ ಬಗ್ಗುತ್ತಿರಲಿಲ್ಲ; ಗಿಡದ ಬುಡಕ್ಕೆ ಕೂರುವುದಕ್ಕೆ ಇವಳನ್ನು ಕರೆಯುತ್ತಿದ್ದ. ಅವನು ಕುರ್ಚಿಯಲ್ಲಿ ಕೂತು ಬೀಡಿ ಸೇದುತ್ತ ಬೈಯುವುದು, ಇವಳು ನೆಲದಲ್ಲಿ ಕೂತು ಕಲಿಯುವುದು. ಮೂರು ಚಳಿಗಾಲ ಹಾಗೆ ನಡೆಯಿತು. ನಾಲ್ಕನೆಯದಕ್ಕೆ ಮುದುಕ ಇರಲಿಲ್ಲ. ಕತ್ತರಿ ಅವಳ ಕೈಗೆ ಬಂತು. ಅದಾಗಿ ಹತ್ತೊಂಬತ್ತು ವರ್ಷ.

ಅವಳ ಗಂಡ ದರ್ಜಿ. ಬಸ್ ನಿಲ್ದಾಣದ ಹಿಂದೆ ಎರಡು ಆಳು ಅಗಲದ ಅಂಗಡಿ, ಅದರ ಹಿಂದೆಯೇ ಮನೆ. "ನೀನು ಪುಣ್ಯವಂತೆ ಕಣೆ," ಎನ್ನುತ್ತಿದ್ದ. "ನೀನು ತಪ್ಪಾಗಿ ಕತ್ತರಿಸಿದ್ರೂ ಚಿಗುರುತ್ತೆ. ನಾನು ತಪ್ಪಾಗಿ ಕತ್ತರಿಸಿದ್ರೆ ನೆಲ ಒರೆಸೋ ಬಟ್ಟೆ ಆಗುತ್ತೆ."

"ಅದಕ್ಕೇ ನಮ್ಮನೇಲಿ ನೆಲ ಒರೆಸೋ ಬಟ್ಟೆಗೆ ಯಾವತ್ತೂ ಬರ ಇಲ್ಲ," ಎನ್ನುತ್ತಿದ್ದಳು ಇವಳು.

ಮಕ್ಕಳಾಗಲಿಲ್ಲ. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ, ಮುಚ್ಚಿಯೂ ಇಡುತ್ತಿರಲಿಲ್ಲ. ಹಾಗಿರುವಾಗ ಕೆಳಮನೆಗೆ ಆ ಹುಡುಗಿ ಬಂದಳು.

ಕೆಳಮನೆ ಎಂದರೆ ನೆಲಮಹಡಿಯ ಮೊದಲ ಮನೆ. ಅದರ ವರಾಂಡದಿಂದ ಎರಡು ಮೆಟ್ಟಿಲು ಇಳಿದರೆ ಅಂಗಳ, ಅಂಗಳಕ್ಕೆ ಇಳಿದರೆ ಗುಲಾಬಿ. ಹುಡುಗಿ ಬಂದಾಗ ಎಂಟು ತಿಂಗಳ ಬಸುರಿ. ಗಂಡನಿಗೆ ಊರೂರು ತಿರುಗುವ ಕೆಲಸ, ಅಮ್ಮ ದೂರದಲ್ಲಿ, ಅತ್ತೆ ಇನ್ನೂ ದೂರದಲ್ಲಿ. ಬೇಸಿಗೆಯ ಬಾಗಿಲಲ್ಲಿ ಹೆಣ್ಣು ಮಗು ಹುಟ್ಟಿತು. ಅವತ್ತಿನಿಂದ ಆ ಮನೆಯಲ್ಲಿ ನೆಮ್ಮದಿ ಅನ್ನುವುದು ಕಾಲಿಡಲಿಲ್ಲ. ಮಗು ಸೀನಿದರೆ ನೆಗಡಿ, ಸೀನದಿದ್ದರೆ ಉಸಿರೇ ನಿಂತಿದೆಯೋ ಏನೋ. ನಿದ್ದೆ ಮಾಡುವ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಎಣಿಸುತ್ತ ಕೂತಿರುತ್ತಿದ್ದಳು. ಜ್ವರ ನೋಡುವ ಕಡ್ಡಿ ಎರಡು ಕೊಂಡಿದ್ದಳು. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡಲಿ ಅಂತ.

"ಅಮ್ಮ, ಒಂದ್ನಿಮಿಷ ಬರ್ತೀರಾ," ಎಂದು ವರಾಂಡದಿಂದ ಕೂಗುತ್ತಿದ್ದಳು. "ಪಾಪು ಬಿಕ್ಕಳಿಕೆ ನಿಲ್ತಿಲ್ಲ. ಹನ್ನೊಂದು ನಿಮಿಷ ಆಯ್ತು."

"ಗಡಿಯಾರ ನೋಡೋದು ಬಿಡು, ತಾನಾಗೇ ನಿಲ್ಲುತ್ತೆ," ಎನ್ನುತ್ತ ಮಣ್ಣಕ್ಕ ಕೈ ತೊಳೆದು ಒಳಗೆ ಹೋಗುತ್ತಿದ್ದಳು.

ಕಟ್ಟಡದಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಅಮ್ಮ ಎಂದವಳು ಇವಳೊಬ್ಬಳೇ. ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡು ಹೊಟ್ಟೆನೋವು ಇಳಿಸುವುದು, ಕುತ್ತಿಗೆಯ ಮಡಿಕೆಯಲ್ಲಿ ಸೋಪು ಉಳಿಯದ ಹಾಗೆ ಸ್ನಾನ ಮಾಡಿಸುವುದು, ಎಲ್ಲವನ್ನೂ ಮಣ್ಣಕ್ಕನೇ ತೋರಿಸಿಕೊಟ್ಟಳು. ಮೊದಲ ಎರಡು ತಿಂಗಳು ದಿನವೂ ಸ್ನಾನ ಮಾಡಿಸಿದವಳೂ ಅವಳೇ.

"ಹಡೆಯದೆ ಅಜ್ಜಿ ಆಗ್ಬಿಟ್ಟೆ ನೋಡು," ಎಂದ ದರ್ಜಿ ಒಂದು ಸಂಜೆ, ಉಳಿದ ಬಟ್ಟೆಯಲ್ಲಿ ಮಗುವಿಗೊಂದು ಟೋಪಿ ಹೊಲಿಯುತ್ತ.

ಆ ವರ್ಷದ ಚಳಿಗಾಲಕ್ಕೆ ಮಣ್ಣಕ್ಕ ಕೆಳಮನೆಯ ಮುಂದಿನ ಹದಿನೆಂಟು ಗಿಡಗಳಿಂದ ಕೆಲಸ ಶುರುಮಾಡಿದಳು. ಗೇಟಿನ ಬದಿಯ ಇಪ್ಪತ್ತೆರಡು ಆಮೇಲಕ್ಕೆ. ಈ ಹದಿನೆಂಟರ ವಿಷಯವೇ ಬೇರೆ. ಮೂರನೆಯ ಮಹಡಿಯ ಹೆಡ್‌ಮಾಸ್ಟರರ ಹೆಂಡತಿ ತಮ್ಮ ಕೈಯಾರೆ ನೆಟ್ಟವು ಅವು. ಆಕೆ ತೀರಿಕೊಂಡ ಮೇಲೆ ಹೆಡ್‌ಮಾಸ್ಟರರು ದಿನಾ ಬೆಳಿಗ್ಗೆ ಆ ಸಾಲಿನ ಉದ್ದಕ್ಕೆ ಒಮ್ಮೆ ಹೋಗಿ ಒಮ್ಮೆ ಬರುತ್ತಿದ್ದರು, ಮಾತಿಲ್ಲ ಕತೆಯಿಲ್ಲ. ನಿವೃತ್ತರಾಗಿ ಎಷ್ಟು ಕಾಲವಾಗಿದ್ದರೂ ಅವರ ಎದುರು ಸಿಕ್ಕರೆ ಮೊಮ್ಮಕ್ಕಳು ಕಂಡವರೂ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು.

ಬೇರು ಬಿಡಿಸುವಾಗ ಹುಡುಗಿ ಮಗುವನ್ನು ಸೊಂಟಕ್ಕೇರಿಸಿಕೊಂಡು ನೋಡುತ್ತ ನಿಂತಿದ್ದಳು. "ನೋವಾಗಲ್ವಾಮ್ಮ ಅವಕ್ಕೆ?"

"ನಿದ್ದೆ ಮಾಡ್ತಿವೆ. ನೋವು ಗೊತ್ತಾಗಲ್ಲ."

"ನೀರು?"

"ನೀರು ಕೊಟ್ರೆ ಎಚ್ಚರ ಆಗ್ತವೆ. ಈ ಚಳೀಲಿ ಎಚ್ಚರ ಆದ್ರೆ ಕೆಟ್ಟವು. ಹಾಕಬೇಡ, ಮುಟ್ಟಬೇಡ. ಐದು ದಿನ."

ಹುಡುಗಿ ತಲೆಯಾಡಿಸಿದಳು. ತಲೆ ಆಡಿತು, ಮನಸ್ಸು ಆಡಲಿಲ್ಲ.

ಐದನೆಯ ದಿನ ಕತ್ತರಿ ಹಿಡಿದು ಬಂದಾಗ ಗುಂಡಿಗಳ ಮಣ್ಣು ತುಸು ಕಪ್ಪಾಗಿ ಕಂಡಿತು. ರಾತ್ರಿಯ ಇಬ್ಬನಿ ಇರಬೇಕು ಅಂದುಕೊಂಡಳು ಮಣ್ಣಕ್ಕ. ಒಂದು ಗಳಿಗೆ ಅನುಮಾನವಾಗಿ ಗೋಡೆಯ ಪೈಪು ಸೋರುತ್ತಿದೆಯೇ ಎಂದು ಕೈಯಾಡಿಸಿಯೂ ನೋಡಿದಳು. ಪೈಪು ಒಣಗಿತ್ತು. ಹತ್ತೊಂಬತ್ತು ವರ್ಷ ಮಾಡಿದ ಕೆಲಸಕ್ಕೆ ಕೈ ತನ್ನಷ್ಟಕ್ಕೆ ಹೋಗುತ್ತದೆ. ಸವರಿದಳು, ಗೊಬ್ಬರ ತುಂಬಿದಳು, ಮುಚ್ಚಿದಳು.

ಮೂರನೆಯ ವಾರಕ್ಕೆ ತುದಿಗಳು ಕಪ್ಪಾಗತೊಡಗಿದವು. ಅದೇ ವಾರ ಅವಳು ಗೇಟಿನ ಬದಿಯ ಸಾಲಿನ ಬೇರು ಬಿಡಿಸಿದ್ದಳು. ಇತ್ತ ಕಪ್ಪು ದಿನಕ್ಕೊಂದು ಬೆರಳು ಕೆಳಗಿಳಿಯಿತು. ತೊಗಟೆ ಕೆರೆದರೆ ಒಳಗೂ ಕಂದು. ಕೊನೆಗೆ ಅವಳು ಒಂದು ಗಿಡವನ್ನು ಬುಡಸಮೇತ ಎತ್ತಿದಳು. ಬೇರು ಬೇಯಿಸಿದ ಹಾಗೆ ಮೆತ್ತಗೆ ಕೈಗೆ ಬಂತು. ಮಣ್ಣನ್ನು ಹಿಡಿದು ಮೂಸಿದಳು. ಕೊಳೆತ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು, ತೆಳ್ಳಗೆ, ಹಾಲಿನಂಥದು. ಅವಳಿಗೆ ಚೆನ್ನಾಗಿ ಗೊತ್ತಿದ್ದ ವಾಸನೆ. ಎರಡು ತಿಂಗಳು ದಿನವೂ ತನ್ನ ಅಂಗೈಗೆ ಅಂಟಿದ್ದ, ಆ ಮಗುವಿನ ಸೋಪು.

ಮಣ್ಣು ಹಿಡಿದ ಕೈಯಲ್ಲೇ ವರಾಂಡ ಹತ್ತಿದಳು. ಹುಡುಗಿ ಕೈಯನ್ನೂ ನೋಡಿದಳು, ಮುಖವನ್ನೂ ನೋಡಿದಳು. ಕೇಳುವ ಮೊದಲೇ ಅತ್ತಳು.

"ನೀವು ಹೋದ್ಮೇಲೆ ಸಂಜೆ ಹಾಕ್ತಿದ್ದೆ. ಒಂದೊಂದಕ್ಕೂ ಒಂದೊಂದು ಮಗ್ಗು ಅಷ್ಟೇ. ಪಾಪು ಸ್ನಾನದ ಬೆಚ್ಚಗಿನ ನೀರೇ ಹಾಕಿದ್ದು ಅಮ್ಮ. ಬೇರು ಎಲ್ಲ ಹೊರಗೆ ಇಟ್ಕೊಂಡು ಒಣಗ್ತಿದ್ವು. ನೋಡಿದ್ರೆ ನನಗೆ ಎದೆ ಹಿಡ್ಕೊಂಡ ಹಾಗೆ ಆಗ್ತಿತ್ತು. ಬಾಯಾರಿಕೆ ಆಗಿರುತ್ತೆ ಅನ್ನಿಸ್ತು."

ಮಣ್ಣಕ್ಕನಿಗೆ ಬೈಯಲು ಬಾಯಿ ಬಂತು. ಬಾಯಾರಿಕೆ ಅನ್ನುವ ಮಾತು ಕೇಳಿ ಬಂದ ಬಾಯಿ ಹಿಂದಕ್ಕೆ ಹೋಯಿತು. ಒಂದು ಗಿಡ ಒಣಗುವುದನ್ನು ನೋಡಲಾರದವಳನ್ನು ಏನೆಂದು ಬೈಯುವುದು.

"ಸರಿ, ಅಳ್ಬೇಡ, ಮಗು ಹೆದರುತ್ತೆ," ಎಂದಳು. "ಭಾನುವಾರ ಕಟ್ಟಡದ ಸಂಘದ ಸಭೆ ಇದೆ. ಗಿಡದ ವಿಷಯಕ್ಕೆ ಸೆಕ್ರೆಟರಿ ನನ್ನ ಕರ್ದಿದ್ದಾರೆ. ಅಲ್ಲಿ ಒಂದೇ ಒಂದು ಮಾತು ಹೇಳು. ಗೊತ್ತಿಲ್ದೆ ಹಾಕ್ದೆ ಅಂತ. ನಿನ್ನನ್ನ ಯಾರೂ ಏನೂ ಮಾಡಲ್ಲ. ಚಿಕ್ಕ ಹುಡುಗಿ, ಮಗು ತಾಯಿ. ನಾನಾದ್ರೆ ಕೆಲಸ ಕಳ್ಕೋತೀನಿ."

"ಹೇಳ್ತೀನಮ್ಮ. ಖಂಡಿತ ಹೇಳ್ತೀನಿ." ಅವಳು ಮಗುವಿನ ತಲೆಯ ಮೇಲೆ ಕೈಯಿಟ್ಟು ಹೇಳಿದಳು.

"ಅದರ ತಲೆ ಮೇಲೆ ಕೈ ಇಡ್ಬೇಡ ಮಾರಾಯ್ತಿ, ಮಾತು ಸಾಕು," ಎಂದು ಮಣ್ಣಕ್ಕ ಆ ಕೈಯನ್ನು ತಾನೇ ತೆಗೆದಳು.

ಸಭೆ ಸೇರಿದ್ದು ಕಾರು ನಿಲ್ಲಿಸುವ ಜಾಗದಲ್ಲಿ, ಭಾನುವಾರ ಹನ್ನೊಂದಕ್ಕೆ. ಪ್ಲಾಸ್ಟಿಕ್ ಕುರ್ಚಿಗಳು, ಮುಂದೆ ಒಂದು ಮೇಜು. ಎಂದೂ ಸಭೆಗೆ ಬಾರದ ಹೆಡ್‌ಮಾಸ್ಟರರು ಮೊದಲ ಸಾಲಿನಲ್ಲಿ ಕೂತಿದ್ದರು. ಮೇಜಿನ ಮೇಲೆ ಆ ಸತ್ತ ಗಿಡ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಇಟ್ಟದ್ದು. ಹುಡುಗಿ ಹಿಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮಗುವಿನ ತಲೆಯ ಮೇಲೆ ದರ್ಜಿ ಹೊಲಿದ ಟೋಪಿ.

ಸೆಕ್ರೆಟರಿ ಗಂಟಲು ಸರಿಮಾಡಿಕೊಂಡರು. ಅವರಿಗೆ ಯಂತ್ರ ತಂದು ತೋಟದ ಕೆಲಸ ಮಾಡಿಕೊಡುವ ಕಂಪನಿಯವರ ಮೇಲೆ ಮೊದಲಿನಿಂದಲೂ ಒಂದು ಕಣ್ಣು. "ಪ್ರತಿ ವರ್ಷ ಈ ಕತ್ತರಿಸೋದು, ಅಗೆಯೋದು ನಡೀತಿದೆ. ಈ ವರ್ಷ ಹದಿನೆಂಟೂ ಹೋದವು. ಏನಕ್ಕ, ಏನು ಹೇಳ್ತೀರಿ?"

"ಬೇರು ತೆರೆದಿದ್ದಾಗ ನೀರು ಬಿದ್ದಿದೆ ಸಾರ್. ಸೋಪಿನ ನೀರು. ಅದಕ್ಕೇ ಕೊಳೆತವು."

"ಯಾರು ಹಾಕಿದ್ದು?"

ಮಣ್ಣಕ್ಕ ಹಿಂದಿನ ಸಾಲಿನ ಕಡೆ ನೋಡಿದಳು, ಅಷ್ಟೇ. ಮಗು ಅವಳನ್ನು ಗುರುತು ಹಿಡಿದು ಎರಡೂ ಕೈ ಚಾಚಿತು. ಎಲ್ಲರ ತಲೆಗಳೂ ಹಿಂದಕ್ಕೆ ತಿರುಗಿದವು. ಹೆಡ್‌ಮಾಸ್ಟರರು ಎದ್ದು ನಿಂತೇ ತಿರುಗಿದರು.

"ಅವು ನನ್ನ ಹೆಂಡತಿ ನೆಟ್ಟ ಗಿಡ," ಎಂದರು. ದನಿ ಏರಲಿಲ್ಲ. "ಯಾರು ಹಾಕಿದ್ದು ಅಂತ ನನಗೆ ಗೊತ್ತಾಗ್ಬೇಕು."

ಹುಡುಗಿ ಎದ್ದಳು. ಪಾಠ ಬಾರದ ಮಗುವಿನ ಹಾಗೆ ಎದ್ದಳು.

"ನಾನೇ ಸಾರ್," ಎಂದಳು. ಮಣ್ಣಕ್ಕ ಬದುಕಿಕೊಂಡೆ ಅನ್ನುವಷ್ಟರಲ್ಲಿ ಹುಡುಗಿಯ ಮಾತು ಮುಂದುವರಿಯಿತು. "ಅಮ್ಮನೇ ಹೇಳಿದ್ರು ಸಾರ್. ಪಾಪು ಸ್ನಾನದ ನೀರು ಸುಮ್ನೆ ಚೆಲ್ಲಬೇಡ, ಗಿಡಕ್ಕೆ ಹಾಕು ಅಂತ. ನನಗೆ ಗಿಡದ ವಿಷಯ ಏನು ಗೊತ್ತು. ಅವರು ಹೇಳಿದ ಹಾಗೆ ಮಾಡ್ದೆ."

ಹಿಂದಕ್ಕೆ ತಿರುಗಿದ್ದ ತಲೆಗಳೆಲ್ಲ ಮತ್ತೆ ಮಣ್ಣಕ್ಕನ ಕಡೆ ತಿರುಗಿದವು.

ಮಣ್ಣಕ್ಕನಿಗೆ ಮೊದಲು ಅರ್ಥವಾಗಲೇ ಇಲ್ಲ. ಆ ಮಾತು ಎಲ್ಲೋ ಕೇಳಿದ ಹಾಗಿತ್ತು. ಆಮೇಲೆ ನೆನಪಾಯಿತು. ತನ್ನದೇ ಮಾತು. ಬೇಸಿಗೆಯಲ್ಲಿ ನಲ್ಲಿ ನೀರು ಒಂದು ವಾರ ನಿಂತಾಗ, ಬೇಲಿಯ ಗಿಡಗಳು ಬಾಡುತ್ತಿದ್ದಾಗ, ಮಗುವಿನ ಮೈಗೆ ಕೊನೆಯಲ್ಲಿ ಸುರಿದ ನೀರನ್ನು ಸುಮ್ನೆ ಚೆಲ್ಲಬೇಡ, ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕು ಎಂದು ಬೇಲಿ ತೋರಿಸಿ ತಾನೇ ಹೇಳಿದ್ದಳು. ಅಕ್ಷರ ಅಕ್ಷರವೂ ತನ್ನದೇ. ಬೇಸಿಗೆಯ ಮಾತನ್ನು ತಂದು ಚಳಿಗಾಲದಲ್ಲಿ ನಿಲ್ಲಿಸಿದ್ದು ಮಾತ್ರ ಹುಡುಗಿ.

"ಹೇಳಿದ್ರಾ ಇಲ್ವಾ ಅಕ್ಕ?" ಸೆಕ್ರೆಟರಿ ಕೇಳಿದರು.

"ಹೇಳಿದ್ದೆ. ಆದ್ರೆ ಅದು ಬೇಸಿಗೇಲಿ. ಬೇಲಿಗೆ..."

"ಹೇಳಿದ್ದು ಹೌದು ಅಂತೀರಿ."

"ಹೌದು ಸಾರ್, ಆದ್ರೆ..."

"ಅಷ್ಟು ಸಾಕು."

ಮಣ್ಣಕ್ಕ ಹುಡುಗಿಯನ್ನು ನೋಡಿದಳು. ಇನ್ನೂ ಒಂದು ಮಾತು ಬರಬಹುದು, ಬಂದರೆ ಈಗಲೇ ಬರಬೇಕು ಅಂತ ನೋಡಿದಳು. ಹುಡುಗಿ ತಲೆ ತಗ್ಗಿಸಿ ಮಗುವಿನ ಟೋಪಿ ನೇರ ಮಾಡುತ್ತಿದ್ದಳು. ಟೋಪಿ ನೇರವಾಗಿಯೇ ಇತ್ತು.

"ಹತ್ತೊಂಬತ್ತು ವರ್ಷದ ಅನುಭವ ಅಂತಾರೆ," ಎಂದ ಎರಡನೆಯ ಮಹಡಿಯವನೊಬ್ಬ ಪಕ್ಕದವನಿಗೆ ಕೇಳುವ ಹಾಗೆ. "ಸೋಪು ಹಾಕಿ ಗಿಡ ತೊಳೆಸೋ ಅನುಭವ." ಮೂರು ನಾಲ್ಕು ಜನ ನಕ್ಕರು. ಹೆಡ್‌ಮಾಸ್ಟರರು ನಗಲಿಲ್ಲ. ಪತ್ರಿಕೆಯ ಕಟ್ಟನ್ನು ಎತ್ತಿಕೊಂಡು, ಮಣ್ಣಕ್ಕನ ಮುಖ ನೋಡದೆ, ಮೆಟ್ಟಿಲು ಹತ್ತಿ ಹೋದರು. ನಕ್ಕವರಿಗಿಂತ ಅದು ಹೆಚ್ಚು ನೋಯಿತು.

ನಾಳೆಯಿಂದ ಕಂಪನಿಯವರು ಎಂದಾಯಿತು. ಅಕ್ಕನಿಗೆ ಬೇಕಿದ್ದರೆ ಮೆಟ್ಟಿಲು ಗುಡಿಸುವ ಕೆಲಸ ಇದೆ ಎಂದೂ ಆಯಿತು. ಅಂಗಳದಲ್ಲಿ ಇನ್ನು ಒಂದು ಕಡ್ಡಿ ಮುಟ್ಟಬಾರದು. "ಗೇಟಿನ ಸಾಲಿನ ಬೇರು ತೆರೆದಿದೆ ಸಾರ್, ನಾಳೆ ಮುಚ್ಲೇಬೇಕು," ಎಂದಳು. "ನೀವು ಮುಚ್ಚಿದ್ದು ನೋಡಿದ್ವಲ್ಲ," ಎಂದರು ಸೆಕ್ರೆಟರಿ.

ಮನೆಯಲ್ಲಿ ದರ್ಜಿ ಎಲ್ಲ ಕೇಳಿ, ಹಲ್ಲಲ್ಲಿ ಕಚ್ಚಿಕೊಂಡಿದ್ದ ದಾರ ತುಂಡರಿಸಿದ. "ಅಲ್ಲೇ ಹೇಳ್ಬೇಕಿತ್ತು ನೀನು, ನಿನ್ನ ಮುಂದೆ ಅತ್ತಿದ್ದನ್ನ."

"ಯಾರು ನಂಬ್ತಿದ್ರು?"

"ನಂಬದಿದ್ರೆ ಬಿಡ್ಲಿ. ಹೊಟ್ಟೇಲಿ ಇಟ್ಕೊಂಡು ಬಂದ್ಯಲ್ಲ."

"ಸುಳ್ಳು ಹೇಳಿದ್ಲು ಅಂತಲ್ಲ ಕಣ್ರೀ," ಎಂದಳು ಅವಳು. "ಹೆದರಿಕೆಗೆ ಜನ ಸುಳ್ಳು ಹೇಳ್ತಾರೆ. ಇಲ್ಲದ್ದೊಂದು ಹುಟ್ಟಿಸಿ ಹೇಳಿದ್ರೆ ತಡ್ಕೋತಿದ್ದೆ. ಅವಳ ಕಷ್ಟಕ್ಕೆ ಅಂತ ನಾನು ಹೇಳಿಕೊಟ್ಟ ಮಾತು. ಅದನ್ನೇ ಜೋಪಾನವಾಗಿ ಇಟ್ಕೊಂಡು, ಸಮಯ ನೋಡಿ ನನ್ನ ಮೇಲೇ ಹಾಕಿದ್ಲು. ಅದೂ ಅಮ್ಮ ಅಂದ್ಕೊಂಡು."

ದರ್ಜಿ ಸೂಜಿ ಕೆಳಗಿಟ್ಟ. "ಮೆಟ್ಟಿಲು?" ಎಂದ.

"ಗುಡಿಸಲ್ಲ."

"ಸರಿ ಬಿಡು. ನನ್ನ ಅಂಗಡೀಲಿ ಗುಂಡಿ ಹಚ್ಚು. ಯಜಮಾನ ಸ್ವಲ್ಪ ಕೆಟ್ಟೋನು, ಹೊಂದ್ಕೋಬೇಕು." ನಗಿಸಲು ನೋಡಿದ. ಅವಳು ನಗಲಿಲ್ಲ.

ಮರುದಿನ ಆರೂವರೆಗೆ ಅವಳು ಗೇಟಿನ ಹತ್ತಿರ ನಿಂತಿದ್ದಳು. ವಾಚ್‌ಮನ್ ಮಫ್ಲರು ಸುತ್ತಿಕೊಂಡು ಹೊರಬಂದ.

"ಒಳಗೆ ಬಿಡಬೇಡ ಅಂದಿದ್ದಾರೆ ಅಕ್ಕ."

"ನನ್ನ ಸಾಮಾನು ಶೆಡ್ಡಲ್ಲಿದೆ. ಕತ್ತರಿ, ಕೈಗುದ್ದಲಿ ನಂದೇ."

"ಶೆಡ್ಡಿಗೆ ಹೋಗೋಕೆ ಗೇಟಿನ ಸಾಲು ಹಾದು ಹೋಗ್ಬೇಕಲ್ಲ." ಅವನು ಸಾಲಿನ ಕಡೆ ನೋಡಿದ, ತೆರೆದ ಇಪ್ಪತ್ತೆರಡು ಗುಂಡಿಗಳ ಕಡೆ. "ಹಾದು ಹೋಗೋಕೆ ಎಷ್ಟು ಹೊತ್ತು ಬೇಕು?"

"ಎರಡು ಗಂಟೆ."

"ಆಗ್ಲಿ. ವಯಸ್ಸಾಯ್ತು, ನಿಧಾನ ನಡೀತೀರಿ." ಗೇಟು ತೆಗೆದು, ತನಗೆ ಟೀ ಕುಡಿಯುವುದಿದೆ ಎಂದು ಬೆನ್ನು ತಿರುಗಿಸಿದ.

ಶೆಡ್ಡಿನಿಂದ ಕತ್ತರಿ, ಗೊಬ್ಬರ ತಂದು ಅವಳು ಕೂತಳು. ಸವರಿದಳು, ಗೊಬ್ಬರ ತುಂಬಿದಳು, ಮಣ್ಣು ಮುಚ್ಚಿ ಅಂಗೈಯಿಂದ ಅದುಮಿದಳು. ಪ್ರೀತಿ ಉಕ್ಕಿ ಬಂದು ಮಾಡಿದ್ದಲ್ಲ. ಇವೂ ಸತ್ತರೆ ಅದೂ ತನ್ನ ತಲೆಗೇ ಬರುತ್ತದೆ, ಅಷ್ಟೇ. ಕೊಳವೆ ಎಳೆದು ಇಪ್ಪತ್ತೆರಡಕ್ಕೂ ಮೊದಲ ನೀರು ಕೊಟ್ಟಳು. ಹೂ ಬಿಟ್ಟಾಗ ಕಂಪನಿಯವರ ಯಂತ್ರ ಎಷ್ಟು ಚೆನ್ನ ಅನ್ನುತ್ತಾರೆ. ಅನ್ನಲಿ.

ಶೆಡ್ಡಿನಿಂದ ಚೀಲ ಹಿಡಿದು ಬರುವಾಗ ಕೆಳಮನೆಯ ವರಾಂಡದಲ್ಲಿ ಹುಡುಗಿ ನಿಂತಿದ್ದಳು. ಕಣ್ಣು ಊದಿತ್ತು. ತೋಳಿನಲ್ಲಿ ಮಗು ಕೊಸರಾಡಿ ಅಳುತ್ತಿತ್ತು.

"ಅಮ್ಮ," ಎಂದಳು ಪಿಸುಮಾತಿನಲ್ಲಿ, ಮೇಲಿನ ಕಿಟಕಿಗಳನ್ನೊಮ್ಮೆ ನೋಡಿ. "ನಾನು ಹೇಳ್ಬೇಕು ಅಂತಲೇ ಎದ್ದಿದ್ದೆ. ಹೆಡ್‌ಮಾಸ್ಟರು ಹಾಗೆ ನೋಡಿದ್ರಲ್ಲ, ಬಾಯಿಗೆ ಅದೇ ಬಂದ್ಬಿಡ್ತು."

ಮಣ್ಣಕ್ಕ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು.

"ನಿನ್ನೆಯಿಂದ ಪಾಪು ಹಾಲು ಕುಡೀತಿಲ್ಲ. ಬಾಯಿ ಹಾಕುತ್ತೆ, ಬಿಟ್ಟು ಅಳುತ್ತೆ. ಜ್ವರ ಇಲ್ಲ, ಎರಡರಲ್ಲೂ ನೋಡ್ದೆ. ನನಗೆ ಕೈಕಾಲೇ ಆಡ್ತಿಲ್ಲ. ಏನ್ಮಾಡ್ಲಿ ಹೇಳಿ ಅಮ್ಮ."

ಮಣ್ಣಕ್ಕ ಇದ್ದಲ್ಲಿಂದಲೇ ನೋಡಿದಳು. ಮಗು ಬಾಯಲ್ಲಿ ಉಸಿರಾಡುತ್ತಿತ್ತು, ಮೂಗಿನ ತುದಿ ಕೆಂಪಾಗಿತ್ತು. ಮೂಗು ಕಟ್ಟಿದೆ, ಬೇರೇನೂ ಅಲ್ಲ. ಬಿಸಿನೀರಿನ ಹಬೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿ, ತಲೆ ಎತ್ತರಕ್ಕಿಟ್ಟು ಹಾಲು ಕೊಟ್ಟರೆ ಕುಡಿದು ಮಲಗುತ್ತದೆ. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಮಗು ಅವಳನ್ನು ಕಂಡು ಅಳುವಿನ ನಡುವೆಯೇ ಒಂದು ಕೈ ಚಾಚಿತು.

"ಡಾಕ್ಟರ ಹತ್ರ ಕರ್ಕೊಂಡು ಹೋಗು," ಎಂದಳು. "ಏನು ಮಾಡ್ಬೇಕು ಅಂತ ಚೀಟೀಲಿ ಬರೆಸ್ಕೋ. ನನ್ನ ಕೇಳ್ಬೇಡ."

"ನೀವು ಒಂದು ಮಾತು ಹೇಳಿದ್ರೆ..."

"ಹೇಳಿದ್ದೆಲ್ಲ ಆಯ್ತು."

ಚೀಲ ಹೆಗಲಿಗೇರಿಸಿ ನಡೆದಳು. ತಿರುಗಿ ನೋಡಲಿಲ್ಲ. ಆದರೆ ಗೇಟಿನವರೆಗೂ ಕಿವಿ ಹಿಂದಕ್ಕೇ ಇತ್ತು, ಮಗು ಅಳು ನಿಲ್ಲಿಸಿತೋ ಇಲ್ಲವೋ ಅಂತ. ನಿಲ್ಲಿಸಿರಲಿಲ್ಲ.